ಕೇಳಿ, ಹೇಳ್ತೀನಿ: ಟಿವಿಗೆ ಬರದ ಮಿಡ್‌ಫೀಲ್ಡರ್ ಕಥೆ

ಹೋದ ಸಂಚಿಕೇಲಿ ಇಂಗ್ಲೆಂಡಿನ ಕೆಳಗಿನ ಡಿವಿಷನ್‌ಗಳ ಬಗ್ಗೆ ನಾಲ್ಕು ಸಾಲು ಬರ್ದು, ಮಧ್ಯದಲ್ಲಿ ಮ್ಯಾಟ್ ಬ್ಲೂಮ್‌ಫೀಲ್ಡ್ ಅನ್ನೋ ಮಿಡ್‌ಫೀಲ್ಡರ್ ಹೆಸರು ತಂದಿದ್ದೆ. ಅಷ್ಟಕ್ಕೇ ಇಷ್ಟೊಂದು ಪ್ರಶ್ನೆ ಬರತ್ತೆ ಅಂದ್ಕೊಂಡಿರ್ಲಿಲ್ಲ. ಮೆಸ್ಸಿ, ರೊನಾಲ್ಡೊ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕೆ ಇರ್ಲಿ, ಈ ಸಲ ಪೂರ್ತಿ ಇದೇ.

ಪ್ರ: ಯಾರು ಸಾರ್ ಈ ಬ್ಲೂಮ್‌ಫೀಲ್ಡ್? ಪ್ರೀಮಿಯರ್ ಲೀಗ್ ಹತ್ತು ವರ್ಷದಿಂದ ನೋಡ್ತಿದೀನಿ, ಒಂದು ಸಲಾನೂ ಹೆಸರು ಕೇಳಿಲ್ಲ. – ಓದುಗರು, ಶಿವಮೊಗ್ಗ

ಉ: ಕೇಳಿರಲ್ಲ, ಯಾಕಂದ್ರೆ ಅವರು ಪ್ರೀಮಿಯರ್ ಲೀಗ್‌ನಲ್ಲಿ ಒಂದು ಪಂದ್ಯಾನೂ ಆಡಿಲ್ಲ. 1984ರಲ್ಲಿ ಫೆಲಿಕ್ಸ್‌ಸ್ಟೋ ಅನ್ನೋ ಸಮುದ್ರ ದಡದ ಊರಲ್ಲಿ ಹುಟ್ಟಿದ್ದು, ಪಕ್ಕದ ಇಪ್ಸ್‌ವಿಚ್ ಟೌನ್ ಕ್ಲಬ್ಬಿನ ಅಕಾಡೆಮಿಯಲ್ಲಿ ಬೆಳೆದಿದ್ದು, ಅಲ್ಲಿ ದೊಡ್ಡವರ ಟೀಮಲ್ಲಿ ಜಾಗ ಸಿಗೋ ಲಕ್ಷಣ ಕಾಣದೆ 2003ರ ಡಿಸೆಂಬರ್‌ನಲ್ಲಿ ವೈಕಂಬ್ ವಾಂಡರರ್ಸ್‌ಗೆ ಬಂದ್ರು. ಆಗ ಅಲ್ಲಿ ಮ್ಯಾನೇಜರ್ ಯಾರು ಗೊತ್ತಾ, ಆರ್ಸೆನಲ್‌ನ ಹಳೇ ಕ್ಯಾಪ್ಟನ್ ಟೋನಿ ಆಡಮ್ಸ್! ಅವರು ಒಂದೇ ವರ್ಷಕ್ಕೆ ಹೊರಟುಹೋದ್ರು. ಬ್ಲೂಮ್‌ಫೀಲ್ಡ್ ಮಾತ್ರ 2022ರ ಫೆಬ್ರವರಿವರೆಗೂ ಅಲ್ಲೇ ಇದ್ರು, ಹದಿನೆಂಟು ವರ್ಷ, 550ಕ್ಕೂ ಹೆಚ್ಚು ಪಂದ್ಯ, ಎಲ್ಲ ಒಂದೇ ಕ್ಲಬ್ಬಿಗೆ.

ಹೈ ವೈಕಂಬ್ ಅನ್ನೋದು ಲಂಡನ್ನಿಂದ ಆಕ್ಸ್‌ಫರ್ಡ್ ಕಡೆಗೆ ಹೋಗೋ ದಾರೀಲಿ ಸಿಗೋ ಊರು, ಒಂದು ಕಾಲದಲ್ಲಿ ಕುರ್ಚಿ ಮಾಡೋದಕ್ಕೆ ಹೆಸರುವಾಸಿ, ಅದಕ್ಕೇ ಟೀಮಿಗೆ ಚೇರ್‌ಬಾಯ್ಸ್ ಅಂತಾನೇ ಅಡ್ಡಹೆಸರು. ಸ್ಟೇಡಿಯಂ ಹೆಸರು ಆಡಮ್ಸ್ ಪಾರ್ಕ್, ಹತ್ತು ಸಾವಿರ ಜನ ಕೂತ್ರೆ ಫುಲ್ಲು. (ಆ ಆಡಮ್ಸ್‌ಗೂ ಟೋನಿ ಆಡಮ್ಸ್‌ಗೂ ಸಂಬಂಧ ಇಲ್ಲ, ಅದು ಕ್ಲಬ್ಬಿಗೆ ಹಳೇ ಮೈದಾನ ಕೊಟ್ಟ ಫ್ರಾಂಕ್ ಆಡಮ್ಸ್ ಹೆಸರು.) ಲೀಗಿಗೆ, ಅಂದ್ರೆ ಇಂಗ್ಲೆಂಡಿನ ಮೇಲಿನ ನಾಲ್ಕು ಹಂತಕ್ಕೆ, ಬಂದಿದ್ದೇ 1993ರಲ್ಲಿ, ಮಾರ್ಟಿನ್ ಓನೀಲ್ ಮ್ಯಾನೇಜರ್ ಆಗಿದ್ದಾಗ.

ಪ್ರ: ಹದಿನೆಂಟು ವರ್ಷ ಒಂದೇ ಕ್ಲಬ್ಬಲ್ಲಿ ಇದ್ರು ಅಂದ್ರೆ ಬೇರೆ ಯಾರೂ ಕರೀಲಿಲ್ಲ ಅಂತ ಅರ್ಥ ಅಲ್ವಾ? ಅದರಲ್ಲಿ ಹೊಗಳೋಕೆ ಏನಿದೆ? – ಓದುಗರು, ಹುಬ್ಬಳ್ಳಿ

ಉ: ಹುಬ್ಬಳ್ಳಿಯವರು ನೇರವಾಗೇ ಕೇಳ್ತೀರಪ್ಪ. ನಾನೂ ನೇರವಾಗೇ ಹೇಳ್ತೀನಿ, ಇಂಗ್ಲೆಂಡಿನ ಮೂರನೇ ನಾಲ್ಕನೇ ಹಂತದಲ್ಲಿ (ಈಗಿನ ಹೆಸರು ಲೀಗ್ ಒನ್, ಲೀಗ್ ಟೂ) ಒಂದು ಕ್ಲಬ್ಬಲ್ಲಿ ಉಳ್ಕೊಳ್ಳೋದು ಅಲ್ಲಿಂದ ಹೋಗೋದಕ್ಕಿಂತ ಕಷ್ಟ. ಅಲ್ಲಿ ಹೆಚ್ಚಿನವರಿಗೆ ಸಿಗೋದು ಒಂದು ವರ್ಷದ್ದೋ ಎರಡು ವರ್ಷದ್ದೋ ಕಾಂಟ್ರಾಕ್ಟು, ಅದು ಮುಗಿಯೋದು ಜೂನ್ 30ಕ್ಕೆ. ಸೀಸನ್ ಮುಗಿದ ಮೇಲೆ ಮೇ ತಿಂಗಳಲ್ಲಿ ಪ್ರತಿ ಕ್ಲಬ್ಬು ಒಂದು ಪಟ್ಟಿ ಹೊರಡಿಸತ್ತೆ, ಯಾರನ್ನ ಇಟ್ಕೋತೀವಿ, ಯಾರನ್ನ ಬಿಡ್ತೀವಿ ಅಂತ, ಅದಕ್ಕೆ ರಿಟೇನ್ಡ್ ಲಿಸ್ಟ್ ಅಂತಾರೆ. ಅದರಲ್ಲಿ ಹೆಸರು ಇಲ್ಲ ಅಂದ್ರೆ ಮನೆ ಬಾಡಿಗೆ, ಮಕ್ಕಳ ಸ್ಕೂಲು, ಎಲ್ಲ ಬಿಟ್ಟು ಮುನ್ನೂರು ಕಿಲೋಮೀಟರ್ ಆಚೆ ಯಾವುದೋ ಊರಿಗೆ ಹೋಗ್ಬೇಕು, ಅದೂ ಯಾರಾದ್ರೂ ಕರೆದ್ರೆ.

ಹೊಸ ಮ್ಯಾನೇಜರ್ ಬಂದ್ರೆ ಮೊದಲು ಹೋಗೋರು ಹಳೇ ಮ್ಯಾನೇಜರ್‌ನ ಆಟಗಾರರು, ಇದು ಎಲ್ಲ ಕಡೆ ಇರೋದೇ. ಬ್ಲೂಮ್‌ಫೀಲ್ಡ್ ಟೋನಿ ಆಡಮ್ಸ್ ಕೈಕೆಳಗೆ ಆಡಿದ್ರು, ಜಾನ್ ಗೋರ್ಮನ್, ಪಾಲ್ ಲ್ಯಾಂಬರ್ಟ್, ಪೀಟರ್ ಟೇಲರ್, ಗ್ಯಾರಿ ವಾಡಾಕ್, ಆಮೇಲೆ ಗ್ಯಾರೆತ್ ಐನ್ಸ್‌ವರ್ತ್. ಒಬ್ಬೊಬ್ಬರದ್ದು ಒಂದೊಂದು ಸ್ಟೈಲು, ಒಬ್ಬರಿಗೆ ಪಾಸಿಂಗ್ ಬೇಕು, ಇನ್ನೊಬ್ಬರಿಗೆ ಬಾಲ್ ಮೇಲಕ್ಕೆ ಒದ್ರೆ ಸಾಕು, ಅಷ್ಟು ಜನಕ್ಕೂ ಈ ಮನುಷ್ಯ ಬೇಕಾದ ಅಂದ್ರೆ ಅದು ಸುಮ್ನೆ ಆಗೋ ವಿಷಯ ಅಲ್ಲ.

ಇನ್ನೊಂದು ನೋಡಿ. ಅವರು ಕ್ಲಬ್ ಬದಲಾಯಿಸ್ಲಿಲ್ಲ, ಆದ್ರೆ ಡಿವಿಷನ್ ಮಾತ್ರ ಬದಲಾಗ್ತಾನೇ ಇತ್ತು. 2004ರಲ್ಲಿ ನಾಲ್ಕನೇ ಹಂತಕ್ಕೆ ಇಳಿದ್ರು, 2009ರಲ್ಲಿ ಮೇಲೆ, 2010ರಲ್ಲಿ ಕೆಳಗೆ, 2011ರಲ್ಲಿ ಮೇಲೆ, 2012ರಲ್ಲಿ ಮತ್ತೆ ಕೆಳಗೆ, 2018ರಲ್ಲಿ ಮೇಲೆ, 2020ರಲ್ಲಿ ಇನ್ನೂ ಮೇಲೆ, 2021ರಲ್ಲಿ ಕೆಳಗೆ. ನಾಲ್ಕು ಸಲ ಬಡ್ತಿ, ನಾಲ್ಕು ಸಲ ಹಿಂಬಡ್ತಿ. ದೊಡ್ಡ ಕ್ಲಬ್ಬಿನ ಸ್ಟಾರ್‌ಗೆ ಇಂಥ ಅನುಭವ ಇಡೀ ಜನ್ಮದಲ್ಲಿ ಸಿಗಲ್ಲ, ಸಿಕ್ಕಿದ್ರೂ ಒಂದು ಸಲಕ್ಕೇ ಟ್ರಾನ್ಸ್‌ಫರ್ ಕೇಳ್ತಾನೆ.

ಪ್ರ: ಲೀಗ್ ಟೂ ಮಿಡ್‌ಫೀಲ್ಡರ್ ನಿಜವಾಗ್ಲೂ ಏನ್ ಮಾಡ್ತಾನೆ? ಯೂಟ್ಯೂಬಲ್ಲಿ ಒಂದು ಮ್ಯಾಚ್ ನೋಡಿದೆ, ಬಾಲ್ ಪೂರ್ತಿ ಆಕಾಶದಲ್ಲೇ ಇತ್ತು. – ಓದುಗರು, ಮೈಸೂರು

ಉ: ಹ್ಹಹ್ಹ, ಸರಿಯಾಗೇ ನೋಡಿದೀರಿ. ಈಗ ಮೊದಲಿನಷ್ಟು ಇಲ್ಲ, ತುಂಬ ಟೀಮುಗಳು ನೆಲದ ಮೇಲೇ ಆಡ್ತವೆ, ಆದ್ರೂ ನೀವು ನೋಡಿದ ಆಟದಲ್ಲಿ ಮಿಡ್‌ಫೀಲ್ಡರ್ ಕೆಲಸ ಇರೋದೇ ಆ ಬಾಲ್ ಕೆಳಗೆ ಬೀಳೋ ಜಾಗದಲ್ಲಿ. ಅದಕ್ಕೆ ಸೆಕೆಂಡ್ ಬಾಲ್ ಅಂತಾರೆ. ಡಿಫೆಂಡರ್ ಉದ್ದಕ್ಕೆ ಒದೀತಾನೆ, ಸ್ಟ್ರೈಕರ್ ಮತ್ತೆ ಎದುರಾಳಿ ಡಿಫೆಂಡರ್ ಇಬ್ರೂ ಹಾರ್ತಾರೆ, ತಲೆಗೆ ತಾಗಿ ಬಾಲ್ ಎಲ್ಲಿಗೋ ಹೋಗತ್ತೆ, ಆ ಎಲ್ಲಿಗೋ ಅನ್ನೋ ಜಾಗ ಅರ್ಧ ಸೆಕೆಂಡ್ ಮುಂಚೆ ಗೊತ್ತಾಗಿ ಅಲ್ಲಿ ಹೋಗಿ ನಿಂತಿರೋನೇ ಒಳ್ಳೇ ಮಿಡ್‌ಫೀಲ್ಡರ್. ಐನ್ಸ್‌ವರ್ತ್ ಕಾಲದ ವೈಕಂಬ್‌ನಲ್ಲಿ ಮುಂದೆ ಇದ್ದಿದ್ದು ಅಡೆಬಾಯೋ ಅಕಿನ್‌ಫೆನ್ವಾ, ಆನೆಯಂಥ ಆಸಾಮಿ, ವಿಡಿಯೋ ಗೇಮ್ ಆಡೋ ಹುಡುಗರಿಗೆ ಚೆನ್ನಾಗಿ ಗೊತ್ತು. ಎಲ್ಲರ ಕಣ್ಣೂ ಅಕಿನ್‌ಫೆನ್ವಾ ಮೇಲೆ, ಆದ್ರೆ ಅವನ ಎದೆಗೋ ತಲೆಗೋ ತಾಗಿ ಬಂದ ಬಾಲ್ ಎತ್ಕೊಳ್ಳೋಕೆ ಹಿಂದಿನಿಂದ ಓಡಿ ಬರೋರು ಬ್ಲೂಮ್‌ಫೀಲ್ಡ್ ಥರದವರು, ಬಾಲ್ ಸಿಗಲಿಲ್ಲ ಅಂದ್ರೆ ಮತ್ತೆ ವಾಪಸ್ ತಮ್ಮ ಬಾಕ್ಸಿನವರೆಗೆ ಓಡೋರೂ ಅವರೇ.

ಮತ್ತೆ ಪಂದ್ಯಗಳ ಲೆಕ್ಕ ಹಾಕಿ. ಪ್ರೀಮಿಯರ್ ಲೀಗ್‌ನಲ್ಲಿ 38 ಪಂದ್ಯ. ಅದರ ಕೆಳಗಿನ ಮೂರು ಡಿವಿಷನ್‌ನಲ್ಲಿ ತಲಾ 24 ಟೀಮು, ಹಂಗಾಗಿ 46 ಪಂದ್ಯ, ಮೇಲಿಂದ ಎಫ್‌ಎ ಕಪ್, ಲೀಗ್ ಕಪ್, ಕೆಳಗಿನವರಿಗೇ ಅಂತ ಇರೋ ಇಎಫ್‌ಎಲ್ ಟ್ರೋಫಿ. ಶನಿವಾರ ಆಡಿ, ಮಂಗಳವಾರ ರಾತ್ರಿ ಜನವರಿ ಚಳೀಲಿ ಕೆಸರು ಗ್ರೌಂಡಲ್ಲಿ ಮತ್ತೆ ಆಡಿ, ಬಸ್ಸಲ್ಲಿ ಮಲಗಿ ಬೆಳಗಿನ ಜಾವ ಮನೆ ಸೇರೋದು. ಕಮೆಂಟೇಟರ್‌ಗಳು ಇಂಥವರನ್ನ ಪ್ರಾಮಾಣಿಕ ಆಟಗಾರ ಅಂತಾರಲ್ಲ, ನಂಗೆ ಅದು ಸ್ವಲ್ಪ ಅವಮಾನ ಅನ್ಸತ್ತೆ, ಟೆಕ್ನಿಕ್ ಇಲ್ಲ ಅನ್ನೋದನ್ನ ಮರ್ಯಾದೆಯಾಗಿ ಹೇಳಿದಂಗೆ.

ಪ್ರ: ಇಂಥವರ ಬದುಕಲ್ಲಿ ದೊಡ್ಡ ಮ್ಯಾಚ್ ಅಂತ ಬರತ್ತಾ? – ಓದುಗರು, ಉಡುಪಿ

ಉ: ಬರತ್ತೆ ಬರತ್ತೆ, ಮತ್ತೆ ಬಂದಾಗ ಭಯಂಕರವಾಗಿ ಬರತ್ತೆ. 2007ರ ಜನವರಿಯಲ್ಲಿ ನಾಲ್ಕನೇ ಹಂತದ ಈ ವೈಕಂಬ್ ಲೀಗ್ ಕಪ್ ಸೆಮಿಫೈನಲ್ಲಿಗೆ ಹೋಗಿತ್ತು, ದಾರೀಲಿ ಫುಲಮ್, ಚಾರ್ಲ್ಟನ್ ಎರಡೂ ಪ್ರೀಮಿಯರ್ ಲೀಗ್ ಟೀಮುಗಳನ್ನ ಹೊಡೆದು. ಸೆಮಿಫೈನಲ್‌ನಲ್ಲಿ ಮೊರಿನ್ಯೋ ಮ್ಯಾನೇಜರ್ ಆಗಿದ್ದ ಚೆಲ್ಸಿ, ಮನೇಲಿ 1–1 ಡ್ರಾ, ಆಮೇಲೆ ಚೆಲ್ಸಿ ಮೈದಾನ ಸ್ಟ್ಯಾಮ್‌ಫರ್ಡ್ ಬ್ರಿಡ್ಜಲ್ಲಿ 4–0 ಸೋಲು. 2017ರಲ್ಲಿ ಟಾಟನ್‌ಹ್ಯಾಮ್ ಮೈದಾನದಲ್ಲಿ ಎಫ್‌ಎ ಕಪ್, 3–3 ಇದ್ದಾಗ ಇಂಜುರಿ ಟೈಮಲ್ಲಿ ಸನ್ ಹ್ಯೂಂಗ್ ಮಿನ್ ಗೋಲ್ ಹೊಡೆದು 4–3. ಟಿವಿಯವರಿಗೆ ಇಂಥವೇ ಇಷ್ಟ.

ಆದ್ರೆ ನನ್ನ ಕೇಳಿದ್ರೆ ಅವರ ಕಾಲದ ದೊಡ್ಡ ದಿನ 2014ರ ಮೇ 3, ಎದುರಾಳಿ ಟಾರ್ಕಿ ಯುನೈಟೆಡ್, ಆಗಲೇ ರೆಲಿಗೇಟ್ ಆಗಿದ್ದ, ಅಂದ್ರೆ ಕೆಳಗಿನ ಹಂತಕ್ಕೆ ಬೀಳೋದು ಖಾತ್ರಿಯಾಗಿದ್ದ ಟೀಮು. ಸೀಸನ್ನಿನ ಕೊನೇ ಪಂದ್ಯ. ವೈಕಂಬ್ ಕೊನೆಯಿಂದ ಎರಡನೇ ಜಾಗದಲ್ಲಿದೆ, ಹಂಗೇ ಮುಗಿದ್ರೆ ಲೀಗಿಂದಾನೇ ಹೊರಗೆ, ಐದನೇ ಹಂತಕ್ಕೆ. ಉಳೀಬೇಕು ಅಂದ್ರೆ ತಾವು ಗೆಲ್ಲಬೇಕು, ಜೊತೆಗೆ ಸ್ವಲ್ಪ ಮೇಲಿರೋ ಬ್ರಿಸ್ಟಲ್ ರೋವರ್ಸ್ ಅಥವಾ ನಾರ್ತಾಂಪ್ಟನ್ ಸೋಲಬೇಕು. ವೈಕಂಬ್ 3–0 ಗೆದ್ರು. ಆ ಕಡೆ ರೋವರ್ಸ್ ತಮ್ಮ ಮನೇಲೇ ಮ್ಯಾನ್ಸ್‌ಫೀಲ್ಡ್ ಕೈಲಿ 1–0 ಸೋತ್ರು. ಇಬ್ಬರದ್ದೂ 50 ಪಾಯಿಂಟು, ಗೋಲ್ ವ್ಯತ್ಯಾಸದಲ್ಲಿ ವೈಕಂಬ್ ಬಚಾವು. 1920ರಿಂದ ಲೀಗಲ್ಲಿದ್ದ ರೋವರ್ಸ್ ಹೊರಗೆ.

ಕಪ್ ಗೆದ್ದಿದ್ದಲ್ಲ, ಬಡ್ತಿ ಸಿಕ್ಕಿದ್ದಲ್ಲ, ಬರೀ ಉಳ್ಕೊಂಡಿದ್ದು. ಆದ್ರೆ ಅವತ್ತು ಬಿದ್ದಿದ್ರೆ ಏನಾಗ್ತಿತ್ತು ಯೋಚ್ನೆ ಮಾಡಿ, 2012ರಿಂದ ಆ ಕ್ಲಬ್ಬು ಅಭಿಮಾನಿಗಳ ಟ್ರಸ್ಟ್ ಕೈಲಿತ್ತು, ದುಡ್ಡಿಲ್ಲ, ಲೀಗಿನಿಂದ ಬರೋ ಹಣಾನೂ ಹೋಗಿದ್ರೆ ಆಟಗಾರರು, ಆಫೀಸಿನವರು, ಹುಲ್ಲು ಕತ್ತರಿಸೋರು, ಎಲ್ಲರ ಹೊಟ್ಟೆ ಮೇಲೂ ಹೊಡೆತ ಬೀಳ್ತಿತ್ತು. ಮುಂದಿನ ವರ್ಷಾನೇ ಅದೇ ಟೀಮು ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಪ್ಲೇಆಫ್ (ಬಡ್ತಿಯ ಕೊನೇ ಜಾಗಕ್ಕೆ ಆಡೋ ಪಂದ್ಯಗಳು) ಫೈನಲ್ ಆಡ್ತು! ಸೌತೆಂಡ್ ಎದುರು ಎಕ್ಸ್‌ಟ್ರಾ ಟೈಮಲ್ಲಿ ಮುಂದೆ ಇದ್ರು, 122ನೇ ನಿಮಿಷದಲ್ಲಿ ಗೋಲ್ ಬಿಟ್ಕೊಟ್ಟು ಪೆನಾಲ್ಟಿಯಲ್ಲಿ 7–6 ಸೋತ್ರು. ಅದನ್ನ ನೆನೆಸ್ಕೊಂಡ್ರೆ ವೈಕಂಬ್‌ನವರಿಗೆ ಈಗ್ಲೂ ಹೊಟ್ಟೆ ಉರಿಯತ್ತೆ.

ಪ್ರ: 2020ರ ಕೋವಿಡ್ ಸಮಯದಲ್ಲಿ ವೈಕಂಬ್‌ಗೆ ಲಾಟರಿ ಹೊಡೀತು ಅಂತಾರಲ್ಲ, ನಿಜವಾ? – ಓದುಗರು, ದಾವಣಗೆರೆ

ಉ: ಅರ್ಧ ನಿಜ. ಮಾರ್ಚ್‌ನಲ್ಲಿ ಲೀಗ್ ನಿಂತಾಗ ಅವರು ಲೀಗ್ ಒನ್‌ನಲ್ಲಿ 8ನೇ ಜಾಗದಲ್ಲಿದ್ರು, ಪ್ಲೇಆಫಿಗೆ ಬೇಕಾಗಿದ್ದು 6ನೇ ಜಾಗ. ಆದ್ರೆ ಎಲ್ಲರಿಗಿಂತ ಕಮ್ಮಿ ಪಂದ್ಯ ಆಡಿದ್ದವರಲ್ಲಿ ಇವರೂ ಒಬ್ರು. ಸೀಸನ್ ಮುಗಿಸೋಕಾಗದೆ ಒಂದು ಪಂದ್ಯಕ್ಕೆ ಸರಾಸರಿ ಎಷ್ಟು ಪಾಯಿಂಟು ಅಂತ ಲೆಕ್ಕ ಹಾಕಿದಾಗ 3ನೇ ಜಾಗಕ್ಕೆ ಬಂದುಬಿಟ್ರು. ಅಲ್ಲೀವರೆಗೆ ಲಾಟರಿ ಅನ್ನಿ. ಆಮೇಲೆ ಫ್ಲೀಟ್‌ವುಡ್‌ನವರನ್ನ ಅವರ ಮನೇಲೇ 4–1 ಹೊಡೆದಿದ್ದು, ಜುಲೈ 13ಕ್ಕೆ ಜನರೇ ಇಲ್ಲದ ವೆಂಬ್ಲಿಯಲ್ಲಿ ಆಕ್ಸ್‌ಫರ್ಡ್‌ನ 2–1 ಸೋಲಿಸಿದ್ದು, ಅದು ಲಾಟರಿ ಅಲ್ಲ. ಕ್ಲಬ್ಬಿನ ಚರಿತ್ರೆಯಲ್ಲೇ ಮೊದಲ ಸಲ ಎರಡನೇ ಹಂತ, ಚಾಂಪಿಯನ್‌ಶಿಪ್. ಮ್ಯಾಚ್ ಮುಗಿದ ಮೇಲೆ ಅಕಿನ್‌ಫೆನ್ವಾ ಟಿವೀಲಿ ಆಗಿನ ಲಿವರ್‌ಪೂಲ್ ಮ್ಯಾನೇಜರ್ ಕ್ಲಾಪ್ ಒಬ್ಬರೇ ನಂಗೆ ಮೆಸೇಜ್ ಮಾಡಬಹುದು ಅಂತ ತಮಾಷೆ ಮಾಡಿದ್ದು, ಕ್ಲಾಪ್ ನಿಜವಾಗ್ಲೂ ವಿಡಿಯೋ ಕಳಿಸಿದ್ದು, ಎಲ್ಲ ಆವತ್ತಿಂದೇ. ಬ್ಲೂಮ್‌ಫೀಲ್ಡ್‌ಗೆ ಆಗ 36 ವರ್ಷ. ಟೀನೇಜಲ್ಲಿ ಬಂದ ಕ್ಲಬ್ಬು, ಈ ವಯಸ್ಸಲ್ಲಿ ಒಂದು ಹಂತ ಮೇಲೆ.

ಒಂದೇ ವರ್ಷ ಇದ್ರು ಅಲ್ಲಿ. 43 ಪಾಯಿಂಟು ತಗೊಂಡು ಬಿದ್ರು, ಉಳ್ಕೊಂಡ ಡರ್ಬಿ ಕೌಂಟಿಗೆ 44. ಒಂದೇ ಒಂದು ಪಾಯಿಂಟು ರೀ.

ಪ್ರ: ಸಂಬಳ ಎಷ್ಟು ಬರತ್ತೆ ಹೇಳಿ. ಎಲ್ಲಾ ಫುಟ್ಬಾಲ್ ಆಟಗಾರರೂ ಕೋಟ್ಯಧಿಪತಿಗಳೇ ಅಂತ ನಮ್ಮ ಆಫೀಸಲ್ಲಿ ವಾದ. – ಓದುಗರು, ಬೆಂಗಳೂರು

ಉ: ಒಬ್ಬೊಬ್ಬರ ಸಂಬಳ ಹೊರಗೆ ಬರಲ್ಲ, ಹಂಗಾಗಿ ಬೇರೆ ದಾರೀಲಿ ಲೆಕ್ಕ ಹಾಕೋಣ. 2020ರ ಆಗಸ್ಟಲ್ಲಿ ಲೀಗ್ ಒನ್, ಲೀಗ್ ಟೂ ಕ್ಲಬ್ಬುಗಳು ಸಂಬಳಕ್ಕೆ ಮಿತಿ ಹಾಕ್ಕೊಂಡ್ವು, ಲೀಗ್ ಒನ್ ಕ್ಲಬ್ಬಿಗೆ ವರ್ಷಕ್ಕೆ 25 ಲಕ್ಷ ಪೌಂಡು, ಲೀಗ್ ಟೂಗೆ 15 ಲಕ್ಷ ಪೌಂಡು, ಅದೂ ಇಡೀ ಟೀಮಿಗೆ. ಲೀಗ್ ಟೂನ 15 ಲಕ್ಷಾನ 20 ಜನಕ್ಕೆ ಸಮ ಹಂಚಿದ್ರೆ ತಲೆಗೆ ವರ್ಷಕ್ಕೆ 75 ಸಾವಿರ ಪೌಂಡು ಬರತ್ತೆ, ಅದರಲ್ಲೇ ಬೋನಸ್ಸು, ಏಜೆಂಟ್ ದುಡ್ಡು ಎಲ್ಲ ಸೇರಿರೋದ್ರಿಂದ ಕೈಗೆ ಬರೋದು ಅದಕ್ಕಿಂತ ಕಮ್ಮಿ. ಆಟಗಾರರ ಸಂಘ ಪಿಎಫ್‌ಎ ಇದರ ಮೇಲೆ ಕೇಸು ಹಾಕಿ ಗೆಲ್ತು, 2021ರ ಫೆಬ್ರವರಿಗೆ ಆ ಮಿತಿ ರದ್ದಾಯ್ತು, ಅದು ಬೇರೆ ಮಾತು. ಲೆಕ್ಕಕ್ಕೆ ಒಂದು ಅಂದಾಜು ಸಿಗ್ಲಿ ಅಂತ ಹೇಳಿದೆ.

ಇಂಗ್ಲೆಂಡಲ್ಲಿ ಅದು ಒಳ್ಳೇ ಸಂಬಳಾನೇ, ಕಷ್ಟದ ಬದುಕು ಅಂತ ಅಳೋ ಅಗತ್ಯ ಇಲ್ಲ. ಆದ್ರೆ ನಿಮ್ಮ ಆಫೀಸಿನವರು ಒಂದು ಮರೀತಾರೆ, ಈ ಸಂಬಳ 35 ವರ್ಷಕ್ಕೆ ನಿಂತುಹೋಗತ್ತೆ, ಬೇರೆ ಯಾವ ಕೆಲಸಾನೂ ಗೊತ್ತಿರಲ್ಲ, 16ನೇ ವಯಸ್ಸಿಂದ ಮಾಡಿರೋದು ಇದೊಂದೇ.

ಪ್ರ: ಕೆಳಗಿಂದ ಮೇಲೆ ಹೋದ ಮಿಡ್‌ಫೀಲ್ಡರ್ ಯಾರೂ ಇಲ್ವಾ? – ಓದುಗರು, ಹಾಸನ

ಉ: ಪೆಲ್ಲಿ ರಡಾಕ್ ಎಂಪಾನ್ಜು. 2013ರಲ್ಲಿ ವೆಸ್ಟ್‌ಹ್ಯಾಮಿಂದ ಲೂಟನ್ ಟೌನ್‌ಗೆ ಬಂದಾಗ ಲೂಟನ್ ಐದನೇ ಹಂತದಲ್ಲಿತ್ತು, 2023ರ ಆಗಸ್ಟಲ್ಲಿ ಅದೇ ಕ್ಲಬ್ಬಿನ ಜೆರ್ಸಿ ಹಾಕ್ಕೊಂಡು ಪ್ರೀಮಿಯರ್ ಲೀಗ್ ಆಡಿದ್ರು. ಒಂದೇ ಕ್ಲಬ್ಬಲ್ಲಿ ಐದನೇ ಹಂತದಿಂದ ಒಂದನೇ ಹಂತದವರೆಗೆ ಹೋದ ಮೊದಲ ಆಟಗಾರ. ಅವರ ಬಗ್ಗೆ ಬೇರೇನೇ ಬರೀಬೇಕು, ಬರೀತೀನಿ.

ಪ್ರ: ಬ್ಲೂಮ್‌ಫೀಲ್ಡ್ ಯಾಕೆ ಆಟ ಬಿಟ್ರು? ಆಮೇಲೆ ಏನ್ಮಾಡಿದ್ರು? – ಓದುಗರು, ಬೆಳಗಾವಿ

ಉ: ತಲೆಗೆ ಬಿದ್ದ ಪೆಟ್ಟು. ಕಂಕಷನ್, ಅಂದ್ರೆ ಮಿದುಳಿಗೆ ಏಟು, ಆಗಿ ಡಾಕ್ಟರುಗಳು ಇನ್ನು ಆಡೋದು ಬೇಡ ಅಂದ್ರು, 2022ರ ಫೆಬ್ರವರಿಯಲ್ಲಿ 38ನೇ ವಯಸ್ಸಿಗೆ ನಿವೃತ್ತಿ ಅಂತ ಹೇಳಿದ್ರು. ನಾನು ಮೇಲೆ ಬರೆದೆನಲ್ಲ, ಇಬ್ರು ಹಾರ್ತಾರೆ ತಲೆಗೆ ತಾಗತ್ತೆ ಅಂತ, ಅದನ್ನ ಇಷ್ಟು ವರ್ಷ ಪಂದ್ಯಕ್ಕೆ ಎಷ್ಟು ಸಲ, ಟ್ರೇನಿಂಗಲ್ಲಿ ಎಷ್ಟು ಸಲ ಮಾಡಿರಬೇಕು. ಹಳೇ ಕಾಲದಲ್ಲಾದ್ರೆ ನೀರು ಚಿಮುಕಿಸಿ ಏಳಪ್ಪ ಅಂತಿದ್ರು. ಈಗ ಡಾಕ್ಟರ್ ಮಾತು ಕೇಳ್ತಾರೆ, ಅದೇ ಪುಣ್ಯ.

ಕೋಚಿಂಗ್ ಮಾತ್ರ ಜೋರಾಗಿ ಶುರುವಾಯ್ತು. ಅದೇ ವರ್ಷದ ಸೆಪ್ಟೆಂಬರ್ ಕೊನೇಲಿ ಕೊಲ್‌ಚೆಸ್ಟರ್ ಯುನೈಟೆಡ್‌ಗೆ ಹೆಡ್ ಕೋಚ್, 2023ರ ಫೆಬ್ರವರಿಯಲ್ಲಿ ಐನ್ಸ್‌ವರ್ತ್ ಕ್ವೀನ್ಸ್ ಪಾರ್ಕ್ ರೇಂಜರ್ಸ್‌ಗೆ ಹೋದಾಗ ವೈಕಂಬ್‌ನವರು ಇವರನ್ನೇ ವಾಪಸ್ ಕರ್ಕೊಂಡ್ರು. 2024ರ ಏಪ್ರಿಲಲ್ಲಿ ಇಎಫ್‌ಎಲ್ ಟ್ರೋಫಿ ಫೈನಲ್, ವೆಂಬ್ಲಿ, ಪೀಟರ್‌ಬರೋ ಎದುರು 2–1 ಸೋಲು. ಆಮೇಲಿನ ಸೀಸನ್ನಲ್ಲಿ ಟೀಮು ಲೀಗ್ ಒನ್‌ನಲ್ಲಿ ಎರಡನೇ ಜಾಗದಲ್ಲಿ ಇದ್ದಾಗ, 2025ರ ಜನವರಿಯಲ್ಲಿ, ಲೂಟನ್ ಟೌನ್ ಕರೀತು. ಹೋದ್ರು.

ಇಲ್ಲಿ ನಂಗೆ ಸ್ವಲ್ಪ ಬೇಜಾರು. ಆಟಗಾರ ಆಗಿ ಎಲ್ಲೂ ಹೋಗದವರು ಕೋಚ್ ಆಗಿ ಅರ್ಧ ಸೀಸನ್ನಲ್ಲಿ ಬಿಟ್ಟು ಹೋದ್ರು ಅಂತ ವೈಕಂಬ್ ಅಭಿಮಾನಿಗಳಿಗೆ ನೋವಾಗಿದ್ರೆ ತಪ್ಪಿಲ್ಲ, ಆದ್ರೆ ಒಂದು ಹಂತ ಮೇಲಿನ ಕ್ಲಬ್ಬು, ಹಿಂದಿನ ವರ್ಷ ಪ್ರೀಮಿಯರ್ ಲೀಗಲ್ಲಿದ್ದ ಕ್ಲಬ್ಬು ಬಾಗಿಲು ತಟ್ಟಿದಾಗ ಬೇಡ ಅನ್ನೋಕೆ ಯಾರಿಗಾಗತ್ತೆ, ನಾನಾಗಿದ್ರೂ ಹೋಗ್ತಿದ್ದೆ. ಲೂಟನ್ ಅಷ್ಟೊತ್ತಿಗೆ ಜಾರ್ತಾ ಇತ್ತು. ಕೊನೇ ದಿನ ವೆಸ್ಟ್ ಬ್ರಾಮ್ ಕೈಲಿ 5–3 ಸೋತು ರೆಲಿಗೇಟ್, ಆ ಅಕ್ಟೋಬರ್‌ಗೆ ಕೆಲಸ ಹೋಯ್ತು. ಒಂಬತ್ತು ತಿಂಗಳು. ಒಂದೇ ಕ್ಲಬ್ಬಲ್ಲಿ ಹದಿನೆಂಟು ವರ್ಷ ಆಟಗಾರನಾಗಿ ಇದ್ದೋರಿಗೆ ಲೂಟನ್‌ನ ಮ್ಯಾನೇಜರ್ ಕುರ್ಚಿ ಕೊಟ್ಟಿದ್ದು ಅಷ್ಟೇ.

ಪ್ರ: ನಮ್ಮವರು ಯಾರಾದ್ರೂ ಆ ಕೆಳಗಿನ ಲೀಗಲ್ಲಿ ಆಡಿದಾರಾ? – ಓದುಗರು, ಮಡಿಕೇರಿ

ಉ: ಬೈಚುಂಗ್ ಭುಟಿಯಾ! 1999ರಲ್ಲಿ ಬರಿ ಎಫ್‌ಸಿ ಅನ್ನೋ ಇಂಗ್ಲೆಂಡಿನ ಕ್ಲಬ್ಬು ಸೇರಿದ್ರು, ಆಗ ಅದು ಮೂರನೇ ಹಂತದಲ್ಲಿತ್ತು, 2002ರವರೆಗೂ ಅಲ್ಲಿದ್ರು. ಮಿಡ್‌ಫೀಲ್ಡರ್ ಅಲ್ಲ, ಸ್ಟ್ರೈಕರ್. ಆ ಬರಿ ಕ್ಲಬ್ಬನ್ನ ಸಾಲದ ಗೊಂದಲದಲ್ಲಿ 2019ರಲ್ಲಿ ಲೀಗಿಂದಾನೇ ಹೊರಗೆ ಹಾಕಿದ್ರು. ಸುನಿಲ್ ಛೆಟ್ರಿ 2009ರಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರೋದಿತ್ತು, ಭಾರತ ಫಿಫಾ ರ‍್ಯಾಂಕಿಂಗ್‌ನಲ್ಲಿ ಮೊದಲ 70ರಲ್ಲಿ ಇಲ್ಲ ಅಂತ ವರ್ಕ್ ಪರ್ಮಿಟ್ ಸಿಗಲಿಲ್ಲ.

ಉಲ್ಟಾ ದಾರೀಲಿ ಬಂದವರು ಜಾಸ್ತಿ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ಮೊದಲ ಕೋಚ್ ಆಶ್ಲಿ ವೆಸ್ಟ್‌ವುಡ್, ಕ್ರೂ, ಶೆಫೀಲ್ಡ್ ವೆನ್ಸ್‌ಡೇ, ನಾರ್ತಾಂಪ್ಟನ್ ಅಂತ ಸುತ್ತಿದ್ದ ಡಿಫೆಂಡರ್. ಅವರು ತಂದ ಜಾನ್ ಜಾನ್ಸನ್ ಕೂಡ ನಾರ್ತಾಂಪ್ಟನ್‌ನಲ್ಲಿ ಆಡಿದವರು. 2014ರಲ್ಲಿ ಬಂದ ಜೋಶ್ ವಾಕರ್ ಅಪ್ಪಟ ಮಿಡ್‌ಫೀಲ್ಡರ್, ಮಿಡಲ್ಸ್‌ಬ್ರೋ ಅಕಾಡೆಮಿ ಹುಡುಗ, ವಾಟ್‌ಫರ್ಡ್, ಸ್ಕನ್‌ಥಾರ್ಪ್ ಎಲ್ಲ ಆಡಿ ಬಂದಿದ್ರು. ಮೊದಲ ಸೀಸನ್ನಲ್ಲೇ ಐಲೀಗ್ ಗೆದ್ದು, 2016ರಲ್ಲಿ ಮತ್ತೆ ಗೆದ್ದ ಆ ಟೀಮಿನ ಓಟ, ಶಿಸ್ತು, ಕಾರ್ನರ್‌ಗೆ ಎಲ್ಲ ಸೇರಿ ನುಗ್ಗೋದು, ಇದೆಲ್ಲ ಎಲ್ಲಿಂದ ಬಂತು ಅಂತ ಕಂಠೀರವದಲ್ಲಿ ಕೂತು ನೋಡಿದವರಿಗೆ ಗೊತ್ತು.

ಪ್ರ: ನನ್ನ ಮಗನಿಗೆ 15 ವರ್ಷ, ಮಿಡ್‌ಫೀಲ್ಡರ್, ಇಂಗ್ಲೆಂಡಿಗೆ ಕಳಿಸ್ತೀವಿ ಅಂತ ಒಬ್ರು ಏಜೆಂಟ್ ದುಡ್ಡು ಕೇಳ್ತಿದಾರೆ. ಕೊಡಬಹುದಾ? – ಓದುಗರು, ಮಂಗಳೂರು

ಉ: ಕೊಡಬೇಡಿ. 18 ತುಂಬದ ಹುಡುಗರನ್ನ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಸೇರಿಸ್ಕೊಳ್ಳೋದಕ್ಕೆ ಫಿಫಾ ನಿಯಮಾನೇ ಅಡ್ಡ ಇದೆ, ಕೆಲವೇ ವಿನಾಯ್ತಿ ಬಿಟ್ರೆ ಆಗಲ್ಲ. 18 ಆದ ಮೇಲೂ ಬ್ರಿಟನ್ನಲ್ಲಿ ಪಾಯಿಂಟ್ ಲೆಕ್ಕದ ಪರ್ಮಿಟ್ ಬೇಕು, ಎಷ್ಟು ದೊಡ್ಡ ಲೀಗಲ್ಲಿ ಆಡಿದೀರಿ, ದೇಶಕ್ಕೆ ಎಷ್ಟು ಸಲ ಆಡಿದೀರಿ ಅಂತೆಲ್ಲ ನೋಡ್ತಾರೆ. ಆ ದುಡ್ಡಲ್ಲಿ ಹುಡುಗನಿಗೆ ಒಳ್ಳೇ ಬೂಟು ಕೊಡ್ಸಿ, ಊರಿನ ಲೀಗಲ್ಲಿ ಆಡ್ಸಿ, ಪಿಯುಸಿ ಮಾತ್ರ ಬಿಡಿಸ್ಬೇಡಿ. ಏಜೆಂಟ್ ಮತ್ತೆ ಫೋನ್ ಮಾಡಿದ್ರೆ ಯಾವ ಕ್ಲಬ್ಬು, ಯಾವ ನಿಯಮದ ಕೆಳಗೆ ಅಂತ ಬರವಣಿಗೇಲಿ ಕೊಡಿ ಅನ್ನಿ, ಮತ್ತೆ ಫೋನ್ ಬರಲ್ಲ.